ಹೆಣ್ಣಿನ ಕಡೆಯವರು

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗೆ ತಿರುಗಿ ಹೋಗಿದ್ದರು. ಸರಸಂಬಾದ ಬೇವಿನ ಗಿಡಗಳಿಗೆ ಕಟ್ಟಿದ್ದ ಜೋಕಾಲಿಗಳನ್ನೂ ಬಿಚ್ಚಿ, ಹಗ್ಗ ಸುತ್ತಿ ಮೂಲೆಗಿಟ್ಟಾಗಿತ್ತು. ತುಳಜಾಬಾಯಿಯ ಮಗಳು ಭುವನೇಶ್ವರಿ ಮಾತ್ರ ಹೋಗಿರಲಿಲ್ಲ. ಅದಕ್ಕೆ ಮೊದಲು ಬೈದವಳು ತುಳಜಾಬಾಯಿಯ ತಾಯಿ ಚಂದಮ್ಮ. ಮಣ್ಣೂರಿನಿಂದ ಫೋನ್ ಹಚ್ಚಿ, ಈ ಕಡೆಯವರು ಹಲೋ ಅನ್ನುವ ಮುಂಚೆಯೇ ಸುರು ಮಾಡಿದಳು.

“ಏನಬೇ ತುಳಜಾ, ಮಗಳಿಗಿ ಉಪ್ಪಿನಕಾಯಿ ಹಾಕಿ ಭರಣ್ಯಾಗ ಇಡಾಕತ್ತಿಯೇನು? ಇಲ್ಲಿ ನನ್ನ ಮಗ ಹೋಟೆಲದಾಗ ತಿನ್ನಾಕತ್ತಾನ.”

“ಯವ್ವಾ, ಆಕೀಗಿ ಆರಾಮಿಲ್ಲ.”

“ಆಕೀಗಿ ಯಾವತ್ತ ಆರಾಮ ಇತ್ತು? ಗಾಳಿ ಹೊಕ್ಕದ್ದು ತವರಮನ್ಯಾಗ ಕುಂತ್ರ ಬಿಟ್ಟು ಹೋಗ್ತದೇನು? ಸಿದ್ದರಾಮ ಬರ್ತಾನ, ಸುಮ್ಮ ಕಳಸು.”

ಚಂದಮ್ಮ ತುಳಜಾಬಾಯಿಗೆ ತಾಯಿ, ಭುವನೇಶ್ವರಿಗೆ ಅತ್ತೆ. ತುಳಜಾಬಾಯಿ ತನ್ನ ಮಗಳನ್ನು ತನ್ನ ಸ್ವಂತ ತಮ್ಮ ಸಿದ್ದರಾಮೇಶನಿಗೇ ಕೊಟ್ಟಿದ್ದಳು. ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ಈ ಕಡೆ ಮೊದಲಿನಿಂದ ನಡೆದು ಬಂದದ್ದು. ಹಾಗೆ ಕೊಟ್ಟರೆ ಹೆಣ್ಣು ಪರರ ಪಾಲಾಗುವುದಿಲ್ಲ, ಅಜ್ಜಿಯ ಮಡಿಲಲ್ಲೇ ಇರುತ್ತಾಳೆ ಎನ್ನುತ್ತಾರೆ. ತುಳಜಾಬಾಯಿಯ ಗಂಡ ತೀರಿಕೊಂಡಾಗ ಮುಂದೆ ನಿಂತು ಎಲ್ಲ ಮಾಡಿದವನೂ ಸಿದ್ದರಾಮೇಶನೇ.

ಸಿದ್ದರಾಮೇಶನಿಗೆ ಭೀಮಾ ದಂಡೆಗೆ ಕಬ್ಬಿತ್ತು, ಮಣ್ಣೂರಿನೊಳಗೆ ಗೊಬ್ಬರದ ಅಂಗಡಿ ಇತ್ತು. ಅವನು ದನಿ ಏರಿಸಿದ್ದನ್ನು ಯಾರೂ ಕೇಳಿದವರಲ್ಲ. ಓಣಿಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ತನ್ನ ಬೈಕಿನ ಮೇಲೆ ಕೂಡಿಸಿಕೊಂಡು ಅಫಜಲಪುರದ ದವಾಖಾನೆಗೆ ಒಯ್ಯುವವನು. ಅಂಥ ಮನುಷ್ಯನ ಹೆಂಡತಿಗೆ ಗಾಳಿ ಹಿಡಿಯಿತಲ್ಲ, ಎಂಥ ಕರ್ಮ ಎಂದು ಮಣ್ಣೂರೂ ಮರುಗುತ್ತಿತ್ತು, ಸರಸಂಬಾವೂ ಮರುಗುತ್ತಿತ್ತು. ತುಳಜಾಬಾಯಿಯೂ ನಂಬಿದ್ದಳು. ಗಾಳಿ ಬಿಡಿಸಲೆಂದು ಹುಣ್ಣಿಮೆಗೆ ಮಗಳನ್ನು ಗಾಣಗಾಪುರಕ್ಕೆ ಕರೆದೊಯ್ಯುವಾಗ ತಾನೂ ಹೋಗಿ, ಸಂಗಮದಲ್ಲಿ ಮಗಳ ತಲೆಯ ಮೇಲೆ ತಾನೇ ನೀರು ಹಾಕಿ ಬರುತ್ತಿದ್ದಳು. ಪ್ರತಿ ಸಲವೂ ಸಿದ್ದರಾಮೇಶ ಪಕ್ಕದಲ್ಲೇ ಇರುತ್ತಿದ್ದ. ಹೆಂಡತಿಯನ್ನು ಒಂದು ಗಳಿಗೆಯೂ ಬಿಟ್ಟಿರುವುದಿಲ್ಲ, ಎಷ್ಟು ಜೀವ ಅವಳ ಮೇಲೆ ಎಂದು ಹೆಂಗಸರು ಹೊಗಳುತ್ತಿದ್ದರು.

ಈ ಪಂಚಮಿಗೆ ಅಂಗಡಿಗೆ ಗೊಬ್ಬರದ ಲಾರಿ ಬರುವುದಿತ್ತು. ಸಿದ್ದರಾಮೇಶ ಹೆಂಡತಿಯನ್ನು ಇಳಿಸಿ, ಚಹಾ ಕುಡಿದು, ಹೊರಟು ಹೋದ. ಮದುವೆಯಾದ ಮೇಲೆ ತುಳಜಾಬಾಯಿಗೆ ಮಗಳು ಒಬ್ಬಳೇ ಸಿಕ್ಕಿದ್ದು ಅದೇ ಮೊದಲು.

ಮೊದಲನೆಯ ದಿನ ಮಧ್ಯಾಹ್ನ ಭುವನೇಶ್ವರಿ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು, “ಅವ್ವಾ, ನೀರ ಕುಡೀಲೇನು?” ಎಂದಳು.

ತುಳಜಾಬಾಯಿ ಶೇಂಗಾದ ಉಂಡೆ ಕಟ್ಟುತ್ತಿದ್ದಳು. “ಕುಡಿಬೇ, ಕೊಡದಾಗ ಅವ. ಕೇಳೋದೇನದ?” ಎಂದಳು.

ಸಂಜೆಗೆ, “ಅವ್ವಾ, ತಲಿ ಹಿಕ್ಕೋಲೇನು?” ಎಂದಳು. ಮರುದಿನ, “ಹಿತ್ತಲಕ್ಕ ಹೋಗಿ ಬರ್ಲೇನು?” ಎಂದಳು. ಮುಂದೆ ತಾಟಿಟ್ಟರೆ, ಉಣ್ಣು ಎಂದು ಹೇಳುವ ತನಕ ತುತ್ತು ಎತ್ತುತ್ತಿರಲಿಲ್ಲ. ಬಿಎ ಎರಡನೆಯ ವರ್ಷದ ತನಕ ಆಳಂದಕ್ಕೆ ಬಸ್ಸಿನಲ್ಲಿ ಓಡಾಡಿ ಓದಿದ ಹುಡುಗಿ. ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ತೆಗೆದು ಇಡೀ ಬಸ್ಸು ನಗಿಸಿದವಳು.

ಹಬ್ಬದ ಮಾರನೇ ದಿನ ಮುಂಜಾನೆ, ಹಾಲು ಹಾಕುವ ಸರ್ದಾರ ಬೈಕಿನ ಮೇಲೆ ಬಂದ. ಬೈಕಿನ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದ್ದೇ ತಡ, ಕಸಬರಿಗೆ ಹಿಡಿದಿದ್ದ ಭುವನೇಶ್ವರಿ ಅದನ್ನು ಕೆಳಗಿಟ್ಟು, ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಕೈ ಎರಡೂ ಕೆಳಗೆ. ಸರ್ದಾರ ಹಾಲು ಹಾಕಿ ಹೋದ, ಸಪ್ಪಳ ದೂರವಾಯಿತು. ಅವಳು ತಿರುಗಲಿಲ್ಲ. ತುಳಜಾಬಾಯಿ ಹೋಗಿ ಭುಜ ಮುಟ್ಟಿದ ಮೇಲೆಯೇ ತಿರುಗಿದಳು.

ಗಾಳಿ ಅಮಾವಾಸ್ಯೆ ಹುಣ್ಣಿಮೆ ನೋಡಿ ಮೈಮೇಲೆ ಬರುತ್ತದೆ ಎಂದು ತುಳಜಾಬಾಯಿ ಕೇಳಿದ್ದಳು. ಗಾಳಿ ಬಂದವರು ಒದರುವುದನ್ನು, ಉರುಳುವುದನ್ನು ಕಣ್ಣಾರೆ ಕಂಡಿದ್ದಳು. ಬೈಕಿನ ಸಪ್ಪಳಕ್ಕೆ ಎದ್ದು, ಮಾಸ್ತರ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯಂತೆ ಸುಮ್ಮನೆ ನಿಲ್ಲುವ ಗಾಳಿಯನ್ನು ಅವಳು ಎಲ್ಲೂ ಕಂಡಿರಲಿಲ್ಲ.

ತುಳಜಾಬಾಯಿ ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಅಡುಗೆ ಮಾಡಿ ಹಾಕುವುದು, ಕಸ ಗುಡಿಸುವುದು ಅವಳ ಕೆಲಸ. ಟೀಚರು ಸಂಘಮಿತ್ರಾ ಅದೇ ಊರಿನ ಬೌದ್ಧರ ಓಣಿಯವಳು. ವಯಸ್ಸಿನಲ್ಲಿ ಭುವನೇಶ್ವರಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು. ಆ ದಿನ ಬೇಳೆ ಆರಿಸುತ್ತ ತುಳಜಾಬಾಯಿ ಕಂಡದ್ದನ್ನೆಲ್ಲ ಹೇಳಿದಳು.

ಸಂಘಮಿತ್ರಾ ಬರೆಯುವುದನ್ನು ನಿಲ್ಲಿಸಿ ಕೇಳಿದಳು. “ಬಾಯಿ, ಗಾಳಿ ಬೈಕ್ ಹತ್ತಿ ಬರ್ತದೇನ್ರಿ?”

“ಚೇಷ್ಟಿ ಮಾಡಬ್ಯಾಡ್ರಿ ಟೀಚರ್.”

“ಚೇಷ್ಟಿ ಅಲ್ರಿ. ಆ ಬೈಕ್ ಮ್ಯಾಲ ಯಾರ್ ಬರ್ತಾರ, ಅದನ್ನ ವಿಚಾರ ಮಾಡ್ರಿ.”

ತುಳಜಾಬಾಯಿಯ ಕೈ ಬೇಳೆಯಲ್ಲಿ ನಿಂತಿತು. “ನನ್ನ ತಮ್ಮ ಅಂಥಾಂವಲ್ಲ. ನಾ ಕಂಕುಳಾಗ ಹೊತ್ತು ಬೆಳಿಸೀನಿ ಅವಂಗ. ನಮ್ಮ ಮನಿ ಮಾತು ನಿಮಗ್ಯಾಕ?”

“ಹಂಗಾದ್ರ ಮಾತ ತಂದದ್ಯಾಕ ನನ್ನ ಮುಂದ?”

“ತಪ್ಪಾತು. ತಗೋರಿ ನಿಮ್ಮ ಬ್ಯಾಳಿ.” ತುಳಜಾಬಾಯಿ ಮೊರವನ್ನು ಸಪ್ಪಳಾಗುವಂತೆ ಇಟ್ಟು ಎದ್ದಳು. ಆ ದಿನ ಇಬ್ಬರೂ ಮತ್ತೆ ಮಾತಾಡಲಿಲ್ಲ.

ಆದರೆ ಮನೆಗೆ ಹೋದ ಮೇಲೂ ಆ ಮಾತು ತುಳಜಾಬಾಯಿಯನ್ನು ಬಿಡಲಿಲ್ಲ. ಮಣ್ಣೂರಿನಿಂದ ಮಗಳು ಫೋನ್ ಮಾಡುತ್ತಿದ್ದುದು ನೆನಪಾಯಿತು. ಯಾವಾಗಲೂ ತಮ್ಮನ ನಂಬರಿನಿಂದಲೇ ಬರುತ್ತಿತ್ತು. ಮಗಳ ಮಾತಿನ ಹಿಂದೆ ಅವನ ಕೆಮ್ಮು ಕೇಳುತ್ತಿತ್ತು. “ಆರಾಮಿದ್ದೀನವ್ವ” ಎನ್ನುವ ಮುಂಚೆ ಮಗಳು ತುಸು ತಡೆಯುತ್ತಿದ್ದಳು, ಯಾರೋ ಹೂಂ ಅನ್ನಲಿ ಎಂದು ಕಾಯುವವರಂತೆ. ಇದೆಲ್ಲ ಹೊಸದಲ್ಲ. ಹೊಸದಾಗಿ ಕೇಳಿಸುತ್ತಿತ್ತು, ಅಷ್ಟೇ.

ಮರುದಿನ ತುಳಜಾಬಾಯಿ ಮಗಳನ್ನೂ ಅಂಗನವಾಡಿಗೆ ಕರೆದುಕೊಂಡು ಬಂದಳು. ಸಂಘಮಿತ್ರಾಳಿಗೆ ಏನೂ ಹೇಳದೆ ಒಲೆ ಹಚ್ಚಿದಳು. ಮಕ್ಕಳು ಉಂಡು ಮಲಗಿದ ಮೇಲೆ ಸಂಘಮಿತ್ರಾ ಭುವನೇಶ್ವರಿಯ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು. “ಹೊಡೀತಾನೇನು?”

“ಇಲ್ರಿ. ಮಾಮಾ ಹೊಡಿಯಂಗಿಲ್ಲ.” ಗಂಡನಾದ ಮೇಲೂ ಅವಳು ಅವನನ್ನು ಮಾಮಾ ಎಂದೇ, ಅತ್ತೆಯಾದ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಿದ್ದಳು.

“ಮತ್ತ?”

“ನಿಲ್ಲಸ್ತಾನ.” ಅವಳು ಅವ್ವನ ಕಡೆ ನೋಡಿದಳು. “ಸಾರಿನಾಗ ಉಪ್ಪ ಹೆಚ್ಚಾದ್ರ, ಬಾಜೂ ಮನಿಯವರ ಜೊತಿ ಮಾತಾಡಿದ್ರ, ಗೋಡಿಗಿ ಮಾರಿ ಮಾಡಿ ನಿಲ್ಲು ಅಂತಾನ. ಬೈಕ್ ತಗೊಂಡು ಅಂಗಡಿಗಿ ಹೋಗ್ತಾನ. ಬರೋ ತನ ನಿಂತಿರಬೇಕು. ಬಂದ ಮ್ಯಾಲ, ನೀರ ಕುಡೀಲಾಕ ಹೋಗಿದ್ದಳೇನು ಅಂತ ಆಯಿಗಿ ಕೇಳ್ತಾನ.”

“ನಿನ್ನ ಫೋನು?”

“ಅವನ ಹಂತೇಕ ಅದ. ಓದಿದ ಸರ್ಟಿಫಿಕೇಟೂ ಅವನ ಪೆಟಿಗ್ಯಾಗ ಅವ. ನಾ ಅತ್ತರ ಮೊಬೈಲ್ ತಗೊಂಡು ವಿಡಿಯೋ ಹಿಡೀತಾನ. ‘ಇನ್ನ ಜೋರ ಅಳು, ಛಲೋ ಬರಾಕತ್ತದ’ ಅಂತಾನ. ಒದರೂ ತನ ಬಿಡಂಗಿಲ್ಲ. ಆಮ್ಯಾಲ ಅದನ್ನ ನನಗೇ ತೋರಸ್ತಾನ, ‘ನೋಡು, ಶಾಣ್ಯಾ ಮಂದಿ ಹಿಂಗ ಮಾಡ್ತಾರೇನು’ ಅಂತ. ನೋಡಿ ನೋಡಿ ನನಗೂ ಖರೇನೇ ಗಾಳಿ ಹಿಡದದ ಅಂತ ಅನಸ್ತದ್ರಿ.”

ಒಲೆಯ ಮುಂದಿನಿಂದ ತುಳಜಾಬಾಯಿ ಕೇಳಿದಳು. “ಒದರುವಾಗ ನಮ್ಮವ್ವ ಎಲ್ಲಿರ್ತಾಳ?”

“ಆಯಿ ಓಣಿ ಬಾಗಲಾ ಹಾಕ್ತಾಳ. ಮಂದಿ ಕೇಳಬಾರದಂತ.”

ಸಂಘಮಿತ್ರಾ ಹೇಳತೊಡಗಿದಳು, ಗಟ್ಟಿಯಾಗಿ, ಇಬ್ಬರಿಗೂ ಕೇಳುವಂತೆ. “ಮೈಮ್ಯಾಲ ಬಾಸುಂಡಿ ಬಿದ್ರಷ್ಟೇ ಜುಲುಮಿ ಅಲ್ಲ. ಕೂಡಿ ಹಾಕೋದು, ಹೆದರ್ಸೋದು, ಯಾರ ಜೊತಿನೂ ಮಾತಾಡಗೊಡದಿರೋದು, ಹುಚ್ಚಿ ಅಂತ ಹೆಸರ ಹಚ್ಚೋದು, ಇವೂ ಅದೇ. ಕಾಯ್ದೇದಾಗೂ ಹಂಗೇ ಅದ. ನಮ್ಮ ಅಂಗನವಾಡಿಗಳ ಆಳಂದ ಆಫೀಸದ ಮೇಡಂನೇ ಇದಕ್ಕೂ ಅಧಿಕಾರಿ. ಅವರ ಮುಂದ ಹೇಳಿದ್ರ ಬರಕೊಂಡು ಕೋರ್ಟಿಗಿ ಕಳಿಸ್ತಾರ. ಹೋಗಾಕ ಆಗಲಿಲ್ಲಂದ್ರ ಒಂದು ಎಂಟು ಒಂದು ಅಂತ ಹೆಣ್ಣುಮಕ್ಕಳ ಸಹಾಯದ ನಂಬರ ಅದ, ಅದಕ್ಕ ಫೋನ್ ಹಚ್ಚು, ಯಾವ ಹೊತ್ತಿನಾಗಾದ್ರೂ ಎತ್ತತಾರ. ವಕೀಲರಿಗೂ ದುಡ್ಡ ಕೊಡಬೇಕಂತಿಲ್ಲ.”

“ಆ ಆಫೀಸಿಗಿ ನಾ ಎಷ್ಟ ಸಲ ಹೋಗೀನಿ,” ಎಂದಳು ತುಳಜಾಬಾಯಿ. “ಆಹಾರದ ಚೀಲ ಹೊತಗೊಂಡು ಬರಾಕ.”

ಭುವನೇಶ್ವರಿ ಹೆದರಿದಳು. “ಬ್ಯಾಡವ್ವ. ಮಾಮಾಗ ಗೊತ್ತಾದ್ರ ನನ್ನ ಬಿಡಂಗಿಲ್ಲ.”

ಮಾಮಾನಿಗೆ ಆಗಲೇ ಅನುಮಾನ ಬಂದಿತ್ತು. ಎರಡು ದಿನ ಬಿಟ್ಟು ಅವನು ತಾಯಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದ. ಬೈಕಿನ ಸಪ್ಪಳಕ್ಕೇ ಭುವನೇಶ್ವರಿ ಒಳಗೋಡಿದಳು. ತುಳಜಾಬಾಯಿ ಬಾಗಿಲಲ್ಲೇ ನಿಂತು, ಮಗಳನ್ನು ಕಳಿಸುವುದಿಲ್ಲ ಎಂದಳು. ಚಂದಮ್ಮ ಬಾಯಿಗೆ ಬಂದಂತೆ ಬೈದಳು. ಸಿದ್ದರಾಮೇಶ ಮಾತ್ರ ನಕ್ಕ.

“ಅಕ್ಕಾ, ಸಿಟ್ಟ್ಯಾಕ? ನಾಳೆ ಮುಂಜಾನಿ ನಾಲ್ಕು ಮಂದಿ ಹಿರ್ಯಾರ ಮುಂದ ಕುಂತು ಮಾತಾಡೋಣು. ಅವರು ಹೆಂಗ ಹೇಳ್ತಾರ ಹಂಗ. ಆತಿಲ್ಲೋ?”

ಹಿರಿಯರು ಏನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು. ತುಳಜಾಬಾಯಿಗೂ ಗೊತ್ತಿತ್ತು. ಆದರೂ ಅವಳು ಹೂಂ ಅಂದಳು.

ಆ ಊರಿನಲ್ಲಿ ಗಂಡ ಹೆಂಡಿರ ಜಗಳ ಹಿರಿಯರ ಮುಂದೆ ಬಂದರೆ ಒಂದು ಪದ್ಧತಿ ಇತ್ತು. ಗಂಡಿನ ಕಡೆಯವರು ಒಂದು ತಾಟಿನಲ್ಲಿ ಎಲೆ ಅಡಿಕೆ ತಂದಿಡಬೇಕು, ಹೆಣ್ಣಿನ ಕಡೆಯವರು ಇನ್ನೊಂದು. ಹಿರಿಯರು ಎರಡೂ ತಾಟಿನಿಂದ ಒಂದೊಂದು ಎಲೆ ಎತ್ತಿಕೊಂಡ ಮೇಲೆ ಮಾತು ಸುರುವಾಗುತ್ತದೆ. ತಾಟು ಇಟ್ಟವರು ಹಿರಿಯರ ಮಾತು ಮೀರುವಂತಿಲ್ಲ.

ಹಿರಿಯ ಗುರುನಾಥನ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂಡಿದರು. ಚಂದಮ್ಮ ಮಣ್ಣೂರಿನಿಂದಲೇ ಎಲೆ ಅಡಿಕೆ ಕಟ್ಟಿಕೊಂಡು ಬಂದಿದ್ದಳು. ಗುರುನಾಥನ ಮನೆಯ ಹಿತ್ತಾಳೆಯ ತಾಟು ಇಸಿದುಕೊಂಡು ನಡುವೆ ಇಟ್ಟಳು. ಹಿರಿಯರು ಅದರಿಂದಲೇ ಎಲೆ ಎತ್ತಿಕೊಂಡರು. ತಾಯಿ, ಮಗಳು, ತಮ್ಮ, ಮೊಮ್ಮಗಳು, ಎಲ್ಲ ಒಂದೇ ಮನೆಯವರು. ಇನ್ನೊಂದು ತಾಟಿನ ನೆನಪೂ ಯಾರಿಗೂ ಆಗಲಿಲ್ಲ. ಭುವನೇಶ್ವರಿ ಗೋಡೆಯ ಬದಿಗೆ ತಲೆ ಬಗ್ಗಿಸಿ ಕುಳಿತಿದ್ದಳು.

ಸಿದ್ದರಾಮೇಶ ಕೈ ಮುಗಿದು ಮಾತು ತೆಗೆದ. “ಹಿರ್ಯಾರ ಮುಂದ ಹೆಂಡತಿ ಮಾತ ಆಡಾಕ ನಾಚಿಕಿ ಆಗ್ತದ್ರಿ. ಆದ್ರ ಹೇಳದೆ ಗತಿಯಿಲ್ಲ.” ಮೊಬೈಲು ತೆಗೆದು ಗುರುನಾಥನ ಕೈಗೆ ಕೊಟ್ಟ. “ನೀವೇ ನೋಡ್ರಿ.”

ಮೊಬೈಲಿನಿಂದ ಭುವನೇಶ್ವರಿಯ ಚೀರಾಟ ಕೇಳಿತು. ಹಿರಿಯರು ತಲೆ ಕೂಡಿಸಿ ನೋಡಿದರು. ಕೂದಲು ಬಿಚ್ಚಿ, ನೆಲಕ್ಕೆ ಕೈ ಬಡಿಯುತ್ತಿದ್ದ ಹೆಣ್ಣು. ಒಬ್ಬ, “ಅಬಬಬ, ಹೆಂಗ ಮಾಡ್ತಾಳ” ಎಂದ. ಇನ್ನೊಬ್ಬ, “ಇಂಥಾಕೀಗಿ ಇಟಗೊಂಡೀಯಲ್ಲೋ ಮಗನ, ನೀ ದೇವರ ಮನುಷ್ಯಾ” ಎಂದ. ಗುರುನಾಥ ಮೊಬೈಲನ್ನು ತಿರುಗಿ ಕೊಟ್ಟು ತುಳಜಾಬಾಯಿಯ ಕಡೆ ತಿರುಗಿದ.

“ಕಣ್ಣಾರೆ ನೋಡಿದ್ದಾತು. ಇನ್ನ ನೀ ಏನ್ ಹೇಳ್ತಿ ಹೇಳಬೇ.”

“ಗುರುನಾಥ ಕಾಕಾ, ಆಕಿ ಒದರುವಾಗ ಮನಿಯಾಗ ಯಾರಿದ್ರು?”

“ಸಿದ್ದರಾಮ ಇದ್ದ. ಅವನೇ ತೋರಿಸ್ಯಾನಲ್ಲ.”

“ಹೆಂಡತಿ ನೆಲಾ ಬಡದು ಅಳಾಕತ್ತಿದ್ರ ಅಂವ ಏನ್ ಮಾಡಾಕತ್ತಿದ್ದ? ನೀರ ಕೊಟ್ಟನೋ, ಹಿಡದು ಎಬ್ಬಿಸಿದನೋ? ಮೊಬೈಲ್ ಹಿಡಕೊಂಡು ನಿಂತಿದ್ದ. ಅವನ ಕೈ ಒಂದಿಷ್ಟೂ ನಡಗಿಲ್ಲ ನೋಡ್ರಿ, ಮದಿವಿ ವಿಡಿಯೋದಂಗ ಸ್ವಚ್ಛ ಬಂದದ.”

ಯಾರೋ ನಗು ತಡೆದುಕೊಂಡರು. ಸಿದ್ದರಾಮೇಶನ ಮುಖದ ಮೇಲಿನ ನಗು ಮಾತ್ರ ಹೋಯಿತು.

“ಅಕ್ಕಾ, ಆ ಅಂಗನವಾಡಿ ಬಾಯಿ ನಿನ್ನ ತಲಿ ತುಂಬ್ಯಾಳ.”

“ಆ ಓಣಿಯಾಕಿ ಮಾತ ಕೇಳಿ ಹಡದ ತಾಯಿ ಮನಿ ಮುರೀತಿಯೇನ?” ಎಂದು ಚಂದಮ್ಮ ಎದ್ದು ನಿಂತಳು. “ಎಲ್ಲ್ಯಾರ ಇಷ್ಟ ಹಲ್ಕಟ್ಟ ಮಾತ ಕೇಳಿದ್ದಿಲ್ಲ ನಾ. ಗಂಡ ನಿಲ್ಲು ಅಂದ್ರ ನಿಲ್ಲಬೇಕು, ಕೂಡು ಅಂದ್ರ ಕೂಡಬೇಕು. ಅದಕ್ಕ ಜುಲುಮಿ ಅಂತಾರೇನು?”

ಸಿದ್ದರಾಮೇಶ ಹೆಂಡತಿಯನ್ನು ಗೋಡೆಗೆ ನಿಲ್ಲಿಸುವ ಸಂಗತಿಯನ್ನು ಅಲ್ಲಿ ಯಾರೂ ಅದುವರೆಗೆ ಎತ್ತಿರಲಿಲ್ಲ. ತುಳಜಾಬಾಯಿ ತಾಯಿಯನ್ನು ನೋಡಿದಳು. ಚಂದಮ್ಮ ಕುಳಿತುಕೊಂಡಳು.

ಗುರುನಾಥ ಗಂಟಲು ಸರಿಮಾಡಿಕೊಂಡ. “ಆತಾತು. ಸಿದ್ದರಾಮ, ನೀನೂ ತುಸು ಸೈರಣಿ ಇಟಗೋ. ಹುಡುಗಿನೂ ಗಂಡನ ಮಾತ ಕೇಳಿಕೊಂಡು ಇರ್ಲಿ. ಇವತ್ತೇ ಕರಕೊಂಡು ಹೋಗು. ಇದು ನಮ್ಮ ಮಾತು, ಎರಡೂ ಕಡಿಯವರು ನಡಸಬೇಕು.”

“ಎರಡೂ ಕಡಿ ಅಂದ್ರ ಯಾರ್ಯಾರ್ರಿ?” ತುಳಜಾಬಾಯಿ ಕೇಳಿದಳು.

“ಗಂಡಿನ ಕಡಿ, ಹೆಣ್ಣಿನ ಕಡಿ.”

“ಹೆಣ್ಣಿನ ಕಡಿ ತಾಟ ಎಲ್ಲ್ಯದ?”

ಗುರುನಾಥ ನಡುವಿನ ತಾಟನ್ನು ನೋಡಿದ. “ಅದೇ ಅದಲ್ಲಬೇ. ಎಲ್ಲಾ ಒಂದೇ ಮನಿ.”

“ಅದು ನಮ್ಮವ್ವ ಇಟ್ಟದ್ದು. ಗಂಡಿನ ತಾಯಿ ಇಟ್ಟದ್ದು. ನನ್ನ ಮಗಳ ಕಡಿಂದ ಯಾರೂ ತಾಟ ಇಟ್ಟಿಲ್ಲ. ನಾ ಇಡಾಂಗೂ ಇಲ್ಲ. ತಾಟ ಇಡದ ಮ್ಯಾಲ ನಿಮ್ಮ ಮಾತ ನಮಗ ಹತ್ತಂಗಿಲ್ಲ. ಪದ್ಧತಿ ನಾ ಮಾಡಿದ್ದಲ್ಲ ಕಾಕಾ, ನಿಮ್ಮದೇ.”

ಎಲೆ ಬಾಯಿಗೆ ಹಾಕಿಕೊಂಡಿದ್ದವನು ಅಗಿಯುವುದನ್ನು ನಿಲ್ಲಿಸಿದ. ಇಷ್ಟು ವರ್ಷ ಇದೇ ಪದ್ಧತಿಯನ್ನು ಹಿಡಿದು ಎಷ್ಟೋ ಮಂದಿಯನ್ನು ಕಟ್ಟಿಹಾಕಿದ್ದ ಗುರುನಾಥನಿಗೆ, ಅದು ಇಲ್ಲ ಎನ್ನಲು ಬರುವಂತಿರಲಿಲ್ಲ.

ಚಂದಮ್ಮ ಚೀರಿದಳು. “ಏನಂದೀ? ನನ್ನ ಹೊಟ್ಯಾಗ ಹುಟ್ಟಿ ನೀ ಹೆಣ್ಣಿನ ಕಡಿಯಾಕಿ ಯಾವಾಗ ಆದೀ? ಮಣ್ಣೂರ ಬಾಗಲಾ ಇವತ್ತಿಂದ ನಿನಗ ಮುಚ್ಚತು, ತಿಳಕೋ!”

“ಬಾಗಲಾ ಹಾಕೋದು ನಿನಗ ಛಲೋ ರೂಢಿ ಅದ ಬಿಡು ಯವ್ವಾ,” ಎಂದಳು ತುಳಜಾಬಾಯಿ. “ನನ್ನ ಮಗಳು ಒಳಗ ಒದರುವಾಗ ಹಾಕಿದಂಗ ಹಾಕು.”

ಆಗ ಸಿದ್ದರಾಮೇಶ ದನಿ ಏರಿಸದೆ, ಅಕ್ಕನ ಕಡೆ ನೋಡದೆ, ಗೋಡೆಯ ಬದಿಗೆ ಹೇಳಿದ. “ಭುವನಿ, ಏಳು.”

ಭುವನೇಶ್ವರಿ ಎದ್ದಳು.

“ಬೈಕ್ ಹತ್ತು.”

ಅವಳು ಹೊರಟಳು. ಕಾಲಲ್ಲಿ ಚಪ್ಪಲಿ ಹಾಕಿಕೊಳ್ಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕಣ್ಣು ಬಿಟ್ಟುಕೊಂಡೇ ನಿದ್ದೆಯಲ್ಲಿ ನಡೆಯುವವರಂತೆ ಕಟ್ಟೆ ಇಳಿದಳು. ಹಿರಿಯರೆಲ್ಲ ಅದನ್ನು ನೋಡಿದರು. ಮೊಬೈಲಿನಲ್ಲಿ ಒದರಾಡಿದವಳನ್ನು ಕಂಡಾಗ ಅಬಬಬ ಎಂದವನೇ ಈಗ ನೆಲ ನೋಡತೊಡಗಿದ. ಆದರೆ ಒಬ್ಬರೂ ಏಳಲಿಲ್ಲ.

ತುಳಜಾಬಾಯಿ ಎದ್ದು ಹೋಗಿ ಬೈಕಿಗೂ ಮಗಳಿಗೂ ನಡುವೆ ನಿಂತಳು. ಸಿದ್ದರಾಮೇಶ ಅವಳ ರಟ್ಟೆ ಹಿಡಿದು ಬದಿಗೆ ನೂಕಿದ. ನೂಕಿದ ರಭಸಕ್ಕೆ ಅವಳು ಬೈಕಿಗೆ ಬಡಿದು ಬಿದ್ದಳು, ಮೊಳಕೈ ತರಚಿ ರಕ್ತ ಬಂತು.

“ಅಕ್ಕಾ, ನಡುವ ಬರಬ್ಯಾಡ,” ಎಂದ, ಅದೇ ಮೆತ್ತನೆಯ ದನಿಯಲ್ಲಿ.

ತುಳಜಾಬಾಯಿ ಎದ್ದು ಮೊಳಕೈಯ ಮಣ್ಣು ಝಾಡಿಸಿಕೊಂಡಳು. “ನೋಡ್ರಿ ಕಾಕಾ,” ಎಂದಳು ಗುರುನಾಥನಿಗೆ. “ನನಗೂ ಗಾಳಿ ಹಿಡೀತು. ಹೆಂಗ ಬಿದ್ದೆ ನೋಡ್ರಿ.”

ಹಿರಿಯರೆಲ್ಲ ತನ್ನನ್ನೇ ನೋಡುತ್ತಿದ್ದುದರಿಂದ ಸಿದ್ದರಾಮೇಶ ಮತ್ತೆ ಕೈ ಮಾಡಲಿಲ್ಲ. ತುಳಜಾಬಾಯಿ ಮಗಳ ಕೈ ಹಿಡಿದು ಅಲ್ಲಿಂದ ನೆಟ್ಟಗೆ ಸಂಘಮಿತ್ರಾಳ ಮನೆಗೆ ಹೋದಳು. ಸಂಘಮಿತ್ರಾ ಮೊದಲು ಮೊಳಕೈ ತೊಳೆದಳು, ಆಮೇಲೆ ಒಂದು ಎಂಟು ಒಂದಕ್ಕೆ ಫೋನ್ ಹಚ್ಚಿ ಮಾತಾಡಿದಳು. ಆ ಕಡೆಯವರು ಹೆಸರು, ಊರು ಕೇಳಿಕೊಂಡು, ಆಳಂದದ ಅಧಿಕಾರಿಗೆ ತಾವು ತಿಳಿಸುತ್ತೇವೆ, ದಾರಿಯಲ್ಲಿ ಅಡ್ಡ ಬಂದರೆ ಪೊಲೀಸರಿಗೆ ಹೇಳಿರಿ ಎಂದರು. ಮೂವರೂ ಆಳಂದದ ಬಸ್ಸು ಹತ್ತಿದರು. ಬಸ್ಸಿನ ಹಿಂದೆ ಬೈಕು ಬರುತ್ತಿತ್ತು. ಮುಂದೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. ದಾರಿಯುದ್ದಕ್ಕೂ ತೊಗರಿಯ ಹೊಲಗಳ ನಡುವೆ ಹಾಗೇ ಬಂತು. ಭುವನೇಶ್ವರಿ ಸೀಟಿನಲ್ಲಿ ಮುದುಡಿ, ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು. “ಹೊಳ್ಳಿ ನೋಡಬ್ಯಾಡ,” ಎಂದು ಸಂಘಮಿತ್ರಾ ಹೇಳುತ್ತಲೇ ಇದ್ದಳು.

ಆಫೀಸಿನ ಅಧಿಕಾರಿ ನಿಶಾತ ಮೇಡಂ ದಣಿದ ಮುಖದ ಹೆಂಗಸು. ಮೂವರೂ ಒಳಗೆ ಕೂಡುವಷ್ಟರಲ್ಲಿ ಸಿದ್ದರಾಮೇಶನೂ ಚಂದಮ್ಮನೂ ಒಳಗೆ ಬಂದರು.

“ನಮಸ್ಕಾರ್ರಿ ಮೇಡಂ. ಮನಿ ಒಳಗಿನ ಸಣ್ಣ ಮಾತು. ಆಕೀಗಿ ತಲಿ ಸರಿಯಿಲ್ಲ. ವಿಡಿಯೋ ಅದ, ನೋಡ್ರಿ.”

ನಿಶಾತ ಮೇಡಂ ಮೊಬೈಲಿಗೆ ಕೈ ಚಾಚಲಿಲ್ಲ. “ನಿಮ್ಮ ಹಂತೇಕೇ ಇರ್ಲಿ. ಅಳಿಸಬ್ಯಾಡ್ರಿ. ಇದನ್ನ ಯಾರು ಹಿಡದ್ರು, ಯಾಕ ಹಿಡದ್ರು ಅಂತ ಕೋರ್ಟಿನಾಗ ಕೇಳ್ತಾರ. ಈಗ ಇಬ್ಬರೂ ಹೊರಗ ಹೋಗ್ರಿ.”

“ನಾ ಗಂಡ ಇದ್ದೀನ್ರಿ ಮೇಡಂ.”

“ಗೊತ್ತದ. ಅದಕ್ಕೇ ಹೊರಗ ಅಂದೆ.”

ಅವನು ಭುವನೇಶ್ವರಿಯನ್ನು ಒಮ್ಮೆ ನೋಡಿ ಹೊರಗೆ ಹೋದ. ಬಾಗಿಲು ಹಾಕಿದ ಮೇಲೆ ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಏನಾತು ಹೇಳವ್ವ,” ಎಂದರು.

ಭುವನೇಶ್ವರಿ ಅವ್ವನ ಕಡೆ ನೋಡಿದಳು. ತುಳಜಾಬಾಯಿ ಮುಂದೆ ಸರಿದಳು. “ನಾ ಹೇಳ್ತೇನ್ರಿ ಮೇಡಂ. ಅಂವ ಇಕೀಗಿ ಗೋಡಿಗಿ...”

“ಬಾಯಿ, ನಾ ಆಕೀಗಿ ಕೇಳೀನಿ. ನಿಮಗಲ್ಲ.”

ಮೇಲೆ ಫ್ಯಾನು ತಿರುಗುತ್ತಿತ್ತು. ಮೇಡಂ ಕಾದರು, ಅವಸರ ಮಾಡಲಿಲ್ಲ. ಭುವನೇಶ್ವರಿ ತನ್ನ ಬರಿಗಾಲು ನೋಡುತ್ತ ಮೆಲ್ಲಗೆ ಹೇಳಿದಳು.

“ಅವ್ವ ಹೊರಗ ಇರ್ಲಿ ಮೇಡಂ.”

“ಯಾಕಬೇ?” ತುಳಜಾಬಾಯಿಗೆ ಅರ್ಥವಾಗಲಿಲ್ಲ.

“ಆಕೀ ತಮ್ಮ ಅಂವ. ಆಕಿ ಮುಂದ ನನಗ ಎಲ್ಲಾ ಹೇಳಾಕ ಬರಂಗಿಲ್ಲ. ನಾ ಹೇಳೋದು ಆಕೀಗಿ ಕೇಳಾಕ ಆಗಂಗಿಲ್ಲ.”

ತುಳಜಾಬಾಯಿಗೆ ಮೊಳಕೈಗಿಂತ ಹೆಚ್ಚು ಆ ಮಾತು ಉರಿಯಿತು. ತಾನು ಕೇಳಿದ್ದೇ ಎಲ್ಲ ಎಂದುಕೊಂಡಿದ್ದಳು. ಇನ್ನೂ ಇದೆ, ಅದು ತಾಯಿಗೆ ಹೇಳುವಂಥದ್ದಲ್ಲ. ಎದ್ದು ಹೊರಗೆ ಬಂದಳು. ಸಂಘಮಿತ್ರಾಳಿಗೆ ಮಾತ್ರ ಭುವನೇಶ್ವರಿ, “ನೀವ್ ಕೂಡ್ರಿ ಟೀಚರ್,” ಎಂದಳು.

ಹೊರಗಿನ ಬೆಂಚಿನ ಮೇಲೆ ಚಂದಮ್ಮ ಕುಳಿತಿದ್ದಳು. ಸಿದ್ದರಾಮೇಶ ಬಾಗಿಲ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದ.

“ಏನ್ ಹೇಳಾಕತ್ತಾಳ ಒಳಗ?”

“ನನಗ ಗೊತ್ತಿಲ್ಲ.”

“ಸುಳ್ಳ ಹೇಳಬ್ಯಾಡ ಅಕ್ಕಾ.”

“ಖರೇನೇ ಗೊತ್ತಿಲ್ಲೋ. ನಿನ್ನ ಅಕ್ಕ ಅಂತ ನನ್ನೂ ಹೊರಗ ಹಾಕ್ಯಾಳ.”

ಅವನು ಬಾಗಿಲಿಗೆ ಕೈ ಹಚ್ಚಲು ಹೋದ. ಆಫೀಸಿನ ಜವಾನ ಸ್ಟೂಲಿನಿಂದ ಏಳದೆಯೇ, “ಯಣ್ಣಾ, ದೂರ ನಿಂದ್ರು,” ಎಂದ. ಸಿದ್ದರಾಮೇಶ ಕೈ ತೆಗೆದ.

ತುಳಜಾಬಾಯಿ ಬೆಂಚಿನ ಇನ್ನೊಂದು ತುದಿಗೆ ಕುಳಿತಳು. ಚಂದಮ್ಮ ಮುಖ ಅತ್ತ ತಿರುಗಿಸಿಕೊಂಡೇ ಮಾತಾಡಿದಳು. “ನಿಮ್ಮಪ್ಪ ನನಗೇನ್ ಕಡಿಮಿ ಮಾಡಿದ್ದನೇನ? ಚಳಿಯಾಗ ರಾತ್ರಿಗಟ್ಲೆ ಹೊರಗ ಹಾಕ್ತಿದ್ದ. ನೀ ಸಣ್ಣಾಕಿದ್ದಿ, ನಿನ್ನೂ ಎತಗೊಂಡು ದನದ ಕೊಟಗ್ಯಾಗ ಮಲಗ್ತಿದ್ದೆ. ನಾ ಯಾವ ಆಫೀಸಿಗಿ ಹೋಗಿದ್ದೆ?”

“ಹೋಗಬೇಕಾಗಿತ್ತು.”

“ಎಲ್ಲಿಗಿ ಹೋಗ್ಲಿ? ಎಲ್ಲಿತ್ತು ಆವಾಗ?”

“ಇಲ್ಲದಾಗ ನೀ ತಡಕೊಂಡು ಸೋಸಿದಿ. ಈಗ ಅದ. ಇದ್ದೂ ನನ್ನ ಮಗಳು ಯಾಕ ಸೋಸಬೇಕು? ನಿನಗ ಹತ್ತಿದ ಚಳಿ ಆಕೀಗೂ ಹತ್ತಬೇಕಂತೇನ್ ಇತ್ತ?”

ಬೆಂಚಿನ ನಡುವೆ ಇನ್ನಿಬ್ಬರು ಕೂಡುವಷ್ಟು ಜಾಗ ಖಾಲಿ ಇತ್ತು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಹಾಗೇ ಕುಳಿತರು.

ಒಳಗೆ ಬಹಳ ಹೊತ್ತಾಯಿತು. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಒಮ್ಮೆ ಅಳು ಕೇಳಿತು, ಆಮೇಲೆ ಮತ್ತೆ ಮಾತು ಕೇಳಿತು. ಕೊನೆಗೆ ನಿಶಾತ ಮೇಡಂ ಬಾಗಿಲು ತೆರೆದು ಹೊರಗೆ ಬಂದರು. ಹಿಂದೆ ಭುವನೇಶ್ವರಿ ನಿಂತಿದ್ದಳು. ಕಣ್ಣು ಊದಿದ್ದವು.

“ಸಿದ್ದರಾಮೇಶ ಅವರೇ, ಆಕಿ ಮಣ್ಣೂರಿಗಿ ಬರಂಗಿಲ್ಲ ಅಂತ ಹೇಳ್ಯಾಳ. ನಾ ಬರಕೊಂಡೀನಿ. ಕಾಗದ ಕೋರ್ಟಿಗಿ ಹೋಗ್ತದ, ನಿಮಗ ನೋಟಿಸ್ ಬರ್ತದ. ಅಲ್ಲೀತನ ಸರಸಂಬಾದ ಮನಿ ಮುಂದ ಕಾಣಿಸಿಕೊಳ್ಳಬ್ಯಾಡ್ರಿ. ಠಾಣಾಕ್ಕೂ ಫೋನ್ ಮಾಡಿ ಹೇಳೀನಿ. ಆಕೀ ಫೋನು, ಸರ್ಟಿಫಿಕೇಟು ನಾಳೆ ಇಲ್ಲಿ ತಂದು ಕೊಡ್ರಿ.”

ಸಿದ್ದರಾಮೇಶ ಮೇಡಂ ಭುಜದ ಮೇಲಿನಿಂದ ಒಳಗೆ ನೋಡಿದ. “ಭುವನಿ, ಹೊರಗ ಬಾ. ಒಂದು ಮಾತ ಆಡೋದದ.”

ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ತುಳಜಾಬಾಯಿ ಅರ್ಧ ಎದ್ದವಳು ಮೇಡಂ ಕಡೆ ನೋಡಿ ಮತ್ತೆ ಕುಳಿತಳು.

“ಬರಂಗಿಲ್ಲ,” ಎಂದಳು ಭುವನೇಶ್ವರಿ. “ಆಡೋದಿದ್ರ ಕೋರ್ಟಿನಾಗ ಆಡು.”

ಅವನು ನಿಂತೇ ಇದ್ದ. ಜವಾನ ಸ್ಟೂಲು ಸರಿಸಿ ಎದ್ದು ನಿಂತ ಮೇಲೆ ಮೆಟ್ಟಿಲಿಳಿದು ಹೋದ. ಚಂದಮ್ಮ ಮಗನ ಹಿಂದೆ ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಭುವನೇಶ್ವರಿಯ ಮುಂದೆ ನಿಂತಳು.

“ಮೊಮ್ಮಗಳಂತ ಮನಿಗಿ ತಂದಿದ್ದೆ ನಿನಗ. ಪರರ ಮಗಳು ಬಂದಿದ್ರ ಇಷ್ಟ ಮಾಡ್ತಿದ್ದಿಲ್ಲ.”

“ಪರರ ಮಗಳು ಬಂದಿದ್ರ ಆಕೀ ತವರಿನವರು ಮೊದಲನೇ ವರ್ಷನೇ ಕೇಳಾಕ ಬರ್ತಿದ್ರು ಆಯಿ,” ಎಂದಳು ಭುವನೇಶ್ವರಿ. ಮೇಡಂ ಬರೆದುಕೊಂಡ ಕಾಗದಕ್ಕೆ ಸಹಿ ಮಾಡುವುದು ಇನ್ನೂ ಬಾಕಿ ಇತ್ತು. ಅವಳು ಒಳಗೆ ಹೋದಳು.